ಅನ್ಯೋಕ್ತಿಯ ಮರೆಯಲ್ಲಿ: ಸ್ಟಾರ್ ಟ್ರೆಕ್ ಮತ್ತು ಸಲಿಂಗಪ್ರೇಮದ ಐವತ್ತೊಂದು ವರ್ಷ

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1966ರ ಸೆಪ್ಟೆಂಬರ್ 8ರಂದು ಆರಂಭವಾದ 'ಸ್ಟಾರ್ ಟ್ರೆಕ್' ಧಾರಾವಾಹಿಯ ಕಥೆ ನಡೆಯುವುದು ಇಪ್ಪತ್ತಮೂರನೆಯ ಶತಮಾನದಲ್ಲಿ. ಎಂಟರ್‌ಪ್ರೈಸ್ ಎಂಬ ಆಕಾಶನೌಕೆಯ ಚಾಲನಾ ಕೊಠಡಿಯಲ್ಲಿ ಆಫ್ರಿಕದ ಹೆಣ್ಣುಮಗಳೊಬ್ಬಳು ಅಧಿಕಾರಿಯಾಗಿದ್ದಳು, ಜಪಾನೀ ಮೂಲದವನೊಬ್ಬ ಚುಕ್ಕಾಣಿ ಹಿಡಿದಿದ್ದ, ಶೀತಲ ಸಮರದ ನಡುವೆಯೇ ಎರಡನೆಯ ವರ್ಷದಲ್ಲಿ ರಷ್ಯದ ತರುಣನೊಬ್ಬ ಬಂದು ಅವರ ಪಕ್ಕದಲ್ಲಿ ಕುಳಿತ, ಹಸಿರು ರಕ್ತದ ಅನ್ಯಗ್ರಹವಾಸಿಯೊಬ್ಬ ನಾಯಕನಿಗೆ ಆಪ್ತಮಿತ್ರನಾಗಿದ್ದ. ಮನುಷ್ಯಕುಲವು ಜನಾಂಗದ್ವೇಷವನ್ನೂ ಹಸಿವನ್ನೂ ದಾಟಿ ಬಂದಿದೆ ಎಂಬುದೇ ಆ ಕಥಾಲೋಕದ ಆಧಾರಕಲ್ಪನೆಯಾಗಿತ್ತು. ಆದರೆ ಅಷ್ಟು ಮುಂದುವರಿದ ಆ ಲೋಕದಲ್ಲಿ ತನ್ನ ಲಿಂಗದವರನ್ನೇ ಪ್ರೀತಿಸುವ ಒಬ್ಬ ಮನುಷ್ಯನೂ ಕಾಣಿಸಲಿಲ್ಲ. ಸಂಗಾತಿಗಳಾಗಿ ಒಟ್ಟಿಗೆ ಬದುಕುವ ಇಬ್ಬರು ಗಂಡಸರು ಸ್ಟಾರ್ ಟ್ರೆಕ್ ಪರಂಪರೆಯ ಧಾರಾವಾಹಿಯೊಂದರಲ್ಲಿ ಮುಖ್ಯ ಪಾತ್ರಗಳಾಗಿ ಬರುವ ಹೊತ್ತಿಗೆ 2017 ಬಂದಿತ್ತು, ಅಂದರೆ ಐವತ್ತೊಂದು ವರ್ಷ ಕಳೆದಿದ್ದವು.

ಪ್ರೇಕ್ಷಕರು ಸಿದ್ಧರಿರಲಿಲ್ಲ ಎಂಬ ಒಂದೇ ಮಾತಿನಿಂದ ಈ ವಿಳಂಬವನ್ನು ವಿವರಿಸಲು ಸಾಧ್ಯವಿಲ್ಲ. ವಿಜ್ಞಾನ ಕಥೆಯ ಬಹುದೊಡ್ಡ ಸಲಕರಣೆ ಅನ್ಯೋಕ್ತಿ, ಅಂದರೆ ಎದುರಿಗಿರುವುದನ್ನು ಹೆಸರಿಸದೆ ಇನ್ನೊಂದನ್ನು ವರ್ಣಿಸುತ್ತ ಅದನ್ನು ಸೂಚಿಸುವ ಕಥನವಿಧಾನ. ಅನ್ಯಗ್ರಹದ ಜಗಳವನ್ನು ತೋರಿಸಿ ಭೂಮಿಯ ಜಗಳದ ಬಗ್ಗೆ ಯೋಚಿಸುವಂತೆ ಮಾಡುವುದು ಅದರ ಕೆಲಸ. ಜನಾಂಗದ ಪ್ರಶ್ನೆಯಲ್ಲಿ ಸ್ಟಾರ್ ಟ್ರೆಕ್‌ಗೆ ಅನ್ಯೋಕ್ತಿಯೂ ಇತ್ತು, ನೌಕೆಯಲ್ಲಿ ಕಪ್ಪು ಮನುಷ್ಯರೂ ಏಷ್ಯದ ಮನುಷ್ಯರೂ ಇದ್ದರು. ಸಲಿಂಗಪ್ರೇಮದ ಪ್ರಶ್ನೆಯಲ್ಲಿ ಮೊದಲು ಎರಡೂ ಇರಲಿಲ್ಲ, ಬಳಿಕ ದೀರ್ಘಕಾಲ ಅನ್ಯೋಕ್ತಿಯೊಂದೇ ಇತ್ತು, ಮತ್ತು ಯಾರ ಪರವಾಗಿ ಆ ಅನ್ಯೋಕ್ತಿಯನ್ನು ಹೆಣೆಯಲಾಗಿತ್ತೋ ಅವರನ್ನು ತೆರೆಯಿಂದ ದೂರ ಇಡುವುದಕ್ಕೂ ಅದೇ ನೆಪವಾಯಿತು. ಈ ಚರಿತ್ರೆಯ ತಿರುಳು ಇಲ್ಲಿದೆ.

ಇದರ ಬೇರುಗಳು ಟೆಲಿವಿಷನ್ನಿಗಿಂತ ಹಿಂದಿನ ಹಾಲಿವುಡ್‌ನಲ್ಲಿವೆ. 1930ರಲ್ಲಿ ರೂಪುಗೊಂಡು 1934ರಿಂದ ಕಟ್ಟುನಿಟ್ಟಾಗಿ ಜಾರಿಯಾದ ಹೇಸ್ ಸಂಹಿತೆ ಎಂಬ ನಿಯಮಾವಳಿಯನ್ನು ಚಿತ್ರೋದ್ಯಮವು ಸರ್ಕಾರದ ಸೆನ್ಸಾರ್‌ಗೆ ಹೆದರಿ ತಾನೇ ತನ್ನ ಮೇಲೆ ಹೇರಿಕೊಂಡಿತ್ತು. ಲೈಂಗಿಕ ವಿಕೃತಿಯೆಂದು ಅದು ಕರೆದದ್ದನ್ನು, ಅದರ ಸುಳಿವನ್ನೂ ಸೇರಿಸಿ, ಅದು ನಿಷೇಧಿಸಿತು, ಮತ್ತು ಸಲಿಂಗಪ್ರೇಮವನ್ನು ಆ ಪಟ್ಟಿಯೊಳಗೇ ಎಣಿಸಲಾಗುತ್ತಿತ್ತು. ಅದೇ ಕಾಲದಲ್ಲಿ 'ಫ್ರಾಂಕೆನ್‌ಸ್ಟೈನ್' (1931), 'ದಿ ಇನ್‌ವಿಸಿಬಲ್ ಮ್ಯಾನ್' (1933), 'ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್' (1935) ಚಿತ್ರಗಳನ್ನು ನಿರ್ದೇಶಿಸಿ ತೆರೆಯ ಮೇಲಿನ ವಿಜ್ಞಾನ ಕಥೆಗೆ ಅಡಿಪಾಯ ಹಾಕಿದ ಇಂಗ್ಲೆಂಡ್ ಮೂಲದ ಜೇಮ್ಸ್ ವ್ಹೇಲ್ ಅವರು ನಿರ್ಮಾಪಕ ಡೇವಿಡ್ ಲೂಯಿಸ್ ಅವರೊಂದಿಗೆ ಸಂಗಾತಿಯಾಗಿ ಬದುಕುತ್ತಿದ್ದರು ಮತ್ತು ಅದನ್ನು ಸಹೋದ್ಯೋಗಿಗಳಿಂದ ಮುಚ್ಚಿಟ್ಟಿರಲಿಲ್ಲ. ಮೂರನೆಯ ಚಿತ್ರದಲ್ಲಿ ಅರ್ನೆಸ್ಟ್ ಥೆಸಿಗರ್ ಅಭಿನಯಿಸಿದ ಪ್ರಿಟೋರಿಯಸ್ ಎಂಬ ನಾಜೂಕಿನ, ವ್ಯಂಗ್ಯದ ನಗೆಯ ವಿಜ್ಞಾನಿ ನಾಯಕ ಹೆನ್ರಿಯನ್ನು ಅವನ ವಧುವಿನ ಪಕ್ಕದಿಂದ ಸೆಳೆದೊಯ್ದು, ಇಬ್ಬರೂ ಸೇರಿ ಹೊಸ ಜೀವವನ್ನು ಸೃಷ್ಟಿಸೋಣವೆಂದು ಆಹ್ವಾನಿಸುತ್ತಾನೆ. ಅನಂತರದ ವಿಮರ್ಶಕರು ಈ ದೃಶ್ಯಗಳಲ್ಲಿ ಸಂಹಿತೆಯ ಕಣ್ಣು ತಪ್ಪಿಸಿದ ಸಲಿಂಗ ಸಂವೇದನೆಯನ್ನು ಗುರುತಿಸಿದ್ದಾರೆ. ವ್ಹೇಲ್ ಅವರನ್ನು ಬಲ್ಲವರಲ್ಲಿ ಈ ಓದನ್ನು ಒಪ್ಪದವರೂ ಇದ್ದರು. ವಾದ ಹೇಗೇ ಇರಲಿ, ಇಲ್ಲಿ ಹುಟ್ಟಿದ ರೂಢಿ ಬಹುಕಾಲ ಬಾಳಿತು: ಅಂಥ ಪಾತ್ರ ಬಂದರೆ ಹೆಸರಿಲ್ಲದೆ ಬರಬೇಕು, ಬಹುಪಾಲು ದುಷ್ಟನಾಗಿ ಬರಬೇಕು. 1984ರ 'ಡ್ಯೂನ್' ಚಿತ್ರದ ಮೈತುಂಬ ವ್ರಣಗಳಿರುವ ಬ್ಯಾರನ್ ಹಾರ್ಕೋನೆನ್ ಆ ರೂಢಿಯ ಅತ್ಯಂತ ಕ್ರೂರ ಮಾದರಿ. ಏಡ್ಸ್ ಭೀತಿ ಹಬ್ಬಿದ್ದ ವರ್ಷಗಳಲ್ಲಿ ರೋಗ, ಹಿಂಸೆ, ಸಲಿಂಗಕಾಮ ಮೂರನ್ನೂ ಒಂದೇ ದೇಹಕ್ಕೆ ಅಂಟಿಸಿದ ಆ ಚಿತ್ರಣವನ್ನು ವಿಮರ್ಶಕ ರಾಬಿನ್ ವುಡ್ ಅತ್ಯಂತ ಕಟುವಾಗಿ ಖಂಡಿಸಿದರು.

ಸ್ಟಾರ್ ಟ್ರೆಕ್‌ನ ಕರ್ತೃ ಜೀನ್ ರಾಡೆನ್‌ಬೆರಿ ಅವರು ಧಾರಾವಾಹಿಯನ್ನು ಆರಂಭಿಸಿದಾಗ ಅಮೆರಿಕದ ಐವತ್ತು ರಾಜ್ಯಗಳಲ್ಲಿ ಇಲಿನಾಯ್ ಒಂದನ್ನು ಬಿಟ್ಟು ಉಳಿದ ಎಲ್ಲೆಡೆ ಸಲಿಂಗ ಸಂಬಂಧ ಶಿಕ್ಷಾರ್ಹ ಅಪರಾಧವಾಗಿತ್ತು, ಮತ್ತು 1973ರ ಡಿಸೆಂಬರ್‌ವರೆಗೆ ಅಲ್ಲಿನ ಮನೋವೈದ್ಯರ ಸಂಘ ಅದನ್ನು ಮಾನಸಿಕ ವ್ಯಾಧಿಯೆಂದು ಪಟ್ಟಿ ಮಾಡಿತ್ತು. ವಾಹಿನಿಯ ಮೇಲ್ವಿಚಾರಣಾ ವಿಭಾಗ ಪ್ರತಿ ಚಿತ್ರಕಥೆಯನ್ನೂ ಓದಿ ತಿದ್ದುತ್ತಿತ್ತು. ಹೀಗಿದ್ದರೂ 1968ರ ನವೆಂಬರ್ 22ರ ಕಂತಿನಲ್ಲಿ ನೌಕೆಯ ನಾಯಕನಾದ ಬಿಳಿಯ ಕರ್ಕ್ ಮತ್ತು ಅಧಿಕಾರಿಯಾದ ಕರಿಯ ಉಹುರಾ ಪರಸ್ಪರ ಚುಂಬಿಸಿದರು. 1969ರ ಜನವರಿಯ ಕಂತೊಂದರಲ್ಲಿ ಮುಖದ ಒಂದು ಪಾರ್ಶ್ವ ಬಿಳಿ, ಇನ್ನೊಂದು ಕಪ್ಪು ಇರುವ ಇಬ್ಬರು ಅನ್ಯಗ್ರಹವಾಸಿಗಳು, ಯಾವ ಪಾರ್ಶ್ವ ಯಾವ ಬಣ್ಣ ಎಂಬ ಕಾರಣಕ್ಕೇ ಕೊನೆಯವರೆಗೂ ಒಬ್ಬರನ್ನೊಬ್ಬರು ದ್ವೇಷಿಸಿದರು. ಮೂರು ವರ್ಷ, 79 ಕಂತುಗಳ ಬಳಿಕ 1969ರ ಜೂನ್ 3ರಂದು ಧಾರಾವಾಹಿ ಮುಗಿಯಿತು. ಅದೇ ತಿಂಗಳ 28ರ ನಸುಕಿನಲ್ಲಿ ನ್ಯೂಯಾರ್ಕ್‌ನ ಸ್ಟೋನ್‌ವಾಲ್ ಎಂಬ ಪಾನಗೃಹದ ಮೇಲೆ ನಡೆದ ಪೊಲೀಸ್ ದಾಳಿಯನ್ನು ಅಲ್ಲಿದ್ದ ಸಲಿಂಗಿಗಳು ಎದುರಿಸಿ ನಿಂತರು, ಮತ್ತು ಅವರ ಹೋರಾಟ ಬೀದಿಗೆ ಬಂತು.

ಚುಕ್ಕಾಣಿ ಹಿಡಿದ ಸುಲುವಿನ ಪಾತ್ರಧಾರಿ ಜಾರ್ಜ್ ಟಕೇ ಅವರೇ ಸಲಿಂಗಿಯಾಗಿದ್ದರು ಎಂಬುದು ಈ ಚರಿತ್ರೆಯ ಅತ್ಯಂತ ನೋವಿನ ಸಂಗತಿ. ಎರಡನೆಯ ಮಹಾಯುದ್ಧದಲ್ಲಿ ಜಪಾನೀ ಮೂಲದ ಅಮೆರಿಕನ್ನರನ್ನು ಬಂಧಿಸಿಟ್ಟಾಗ ಐದು ವರ್ಷದ ಬಾಲಕನಾಗಿ ಮುಳ್ಳುತಂತಿಯ ಶಿಬಿರ ಕಂಡಿದ್ದ ಅವರಿಗೆ, ಗುರುತಿನ ಕಾರಣಕ್ಕೆ ಎಲ್ಲವನ್ನೂ ಕಳೆದುಕೊಳ್ಳುವುದು ಎಂದರೇನೆಂದು ತಿಳಿದಿತ್ತು. ತಮ್ಮ ವಿಷಯ ಹೇಳಿಕೊಳ್ಳದೆಯೇ, ಸಲಿಂಗಿಗಳ ಕಥೆಯನ್ನೂ ತರಬಹುದಲ್ಲವೇ ಎಂದು ತಾವು ರಾಡೆನ್‌ಬೆರಿಯವರನ್ನು ಖಾಸಗಿಯಾಗಿ ಕೇಳಿದ್ದಾಗಿಯೂ, ಚುಂಬನದ ಕಂತಿಗೇ ಪೆಟ್ಟು ಬಿದ್ದಿದೆ, ಇನ್ನಷ್ಟು ಮುಂದೆ ಹೋದರೆ ಧಾರಾವಾಹಿಯೇ ನಿಲ್ಲುತ್ತದೆಂಬ ಅರ್ಥದ ಉತ್ತರ ಬಂದದ್ದಾಗಿಯೂ ಟಕೇ ಅನಂತರ ನೆನಪಿಸಿಕೊಂಡಿದ್ದಾರೆ. ಅವರು ಬಹಿರಂಗವಾಗಿ ಮಾತನಾಡಿದ್ದು 2005ರಲ್ಲಿ, ಕ್ಯಾಲಿಫೋರ್ನಿಯದ ರಾಜ್ಯಪಾಲರು ಸಲಿಂಗ ವಿವಾಹದ ಮಸೂದೆಯನ್ನು ತಿರಸ್ಕರಿಸಿದ ಬಳಿಕ. 1980ರ ದಶಕದಲ್ಲಿ ದೂರದರ್ಶನವು ಹಳೆಯ ಸ್ಟಾರ್ ಟ್ರೆಕ್ ಕಂತುಗಳನ್ನು ಭಾನುವಾರದ ಬೆಳಿಗ್ಗೆ ಬಿತ್ತರಿಸಿದಾಗ ಕರ್ನಾಟಕದ ಮನೆಗಳಲ್ಲಿ ಸುಲುವನ್ನು ನೋಡಿದವರಿಗೂ ಆ ಮೌನದ ಅರಿವು ಇರಲು ಸಾಧ್ಯವಿರಲಿಲ್ಲ.

ಧಾರಾವಾಹಿ ಹೇಳಲಾಗದ್ದನ್ನು ಮೊದಲು ಹೇಳಿದವರು ಅದರ ಅಭಿಮಾನಿಗಳು, ಅವರಲ್ಲಿಯೂ ಹೆಚ್ಚಿನವರು ಹೆಂಗಸರು. 1974ರಿಂದ ಕರ್ಕ್ ಮತ್ತು ಅವನ ಹಸಿರು ರಕ್ತದ ಮಿತ್ರ ಸ್ಪಾಕ್‌ರನ್ನು ಪ್ರೇಮಿಗಳಾಗಿ ಕಲ್ಪಿಸಿದ ಕಥೆಗಳು ಅಭಿಮಾನಿಗಳೇ ಅಚ್ಚು ಹಾಕಿ ಅಂಚೆಯಲ್ಲಿ ಹಂಚುತ್ತಿದ್ದ, ಸೈಕ್ಲೋಸ್ಟೈಲ್ ಮಾದರಿಯ ಪತ್ರಿಕೆಗಳಲ್ಲಿ ಕಾಣಿಸಿಕೊಂಡವು. ಇಬ್ಬರ ಹೆಸರಿನ ನಡುವೆ ಹಾಕುವ ಓರೆಗೆರೆಯಿಂದಾಗಿ ಆ ಪ್ರಕಾರಕ್ಕೆ ಸ್ಲ್ಯಾಶ್ ಎಂಬ ಹೆಸರು ನಿಂತಿತು. 1979ರಲ್ಲಿ ಮೊದಲ ಸ್ಟಾರ್ ಟ್ರೆಕ್ ಚಲನಚಿತ್ರವನ್ನು ಕಾದಂಬರಿಯಾಗಿ ಬರೆದ ರಾಡೆನ್‌ಬೆರಿ, ಮಿತ್ರ, ಸಹೋದರ, ಪ್ರಿಯಕರ ಎಂಬ ಮೂರು ಅರ್ಥಗಳೂ ಇರುವ ಒಂದು ಪದವನ್ನು ಸ್ಪಾಕ್‌ನ ಜನರಾದ ವಲ್ಕನ್‌ರ ಭಾಷೆಯಲ್ಲಿ ಸೃಷ್ಟಿಸಿ, ಅದಕ್ಕೊಂದು ಅಡಿಟಿಪ್ಪಣಿ ಹಾಕಿ, ಕರ್ಕ್‌ನ ಬಾಯಿಂದ ಅವರಿಬ್ಬರೂ ಪ್ರೇಮಿಗಳೆಂಬ ವದಂತಿಯನ್ನು ಮೃದುವಾಗಿ ಅಲ್ಲಗಳೆಸಿದರು. ಓದುಗರ ಕಲ್ಪನೆ ಗ್ರಂಥಕರ್ತನಿಂದ ಅಡಿಟಿಪ್ಪಣಿ ಬರೆಸಿಕೊಳ್ಳುವಷ್ಟು ಬಲವಾಗಿತ್ತೆಂಬುದು ಗಮನಿಸಬೇಕಾದ ವಿಷಯ.

1987ರಲ್ಲಿ ಹೊಸ ಧಾರಾವಾಹಿ 'ದಿ ನೆಕ್ಸ್ಟ್ ಜನರೇಷನ್' ಆರಂಭವಾಗುವ ಹೊತ್ತಿಗೆ ಹೊರಗಿನ ಜಗತ್ತು ಬದಲಾಗಿತ್ತು. 1977ರ 'ಸೋಪ್' ಎಂಬ ಹಾಸ್ಯ ಧಾರಾವಾಹಿಯಲ್ಲೂ 1981ರ 'ಡೈನಾಸ್ಟಿ'ಯಲ್ಲೂ ಸಲಿಂಗಿ ಪಾತ್ರಗಳು ಬಂದಾಗಿದ್ದವು, ಅಂದರೆ ಭೂಮಿಯ ಮೇಲಿನ ಸಂಸಾರದ ಕಥೆಗಳು ಆಕಾಶನೌಕೆಗಿಂತ ಮುಂದೆ ಸಾಗಿದ್ದವು. 1986ರಲ್ಲಿ ಬಾಸ್ಟನ್‌ನಲ್ಲಿ ನಡೆದ ಅಭಿಮಾನಿಗಳ ಸಮಾವೇಶದಲ್ಲಿ ಈ ಬಗ್ಗೆ ಪ್ರಶ್ನೆ ಬಂದಾಗ ರಾಡೆನ್‌ಬೆರಿ ಹೊಸ ಧಾರಾವಾಹಿಯಲ್ಲಿ ಸಲಿಂಗಿ ಪಾತ್ರ ಇರಬೇಕೆಂಬುದನ್ನು ಒಪ್ಪಿಕೊಂಡರು. ಅವರ ಜೊತೆಗಿದ್ದ ಲೇಖಕ ಡೇವಿಡ್ ಜೆರಾಲ್ಡ್, 1967ರಷ್ಟು ಹಿಂದೆಯೇ ಮೂಲ ಧಾರಾವಾಹಿಗೆ ಜನಪ್ರಿಯ ಕಂತೊಂದನ್ನು ಬರೆದವರು, ಸ್ವತಃ ಸಲಿಂಗಿ. ಅವರು ಆ ಮಾತನ್ನು ನಂಬಿ 'ಬ್ಲಡ್ ಅಂಡ್ ಫೈರ್' ಎಂಬ ಚಿತ್ರಕಥೆ ಬರೆದರು.

ಆ ಚಿತ್ರಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಅಗತ್ಯ. ರಕ್ತದ ಮೂಲಕ ಹರಡುವ, ಎಲ್ಲರೂ ಹೆದರುವ ಪರಜೀವಿಯೊಂದು ಬೇರೊಂದು ನೌಕೆಯನ್ನು ಆವರಿಸಿದೆ, ಎಂಟರ್‌ಪ್ರೈಸ್‌ನ ಸಿಬ್ಬಂದಿ ಅಲ್ಲಿಗೆ ಹೋಗಿ ಸಿಕ್ಕಿಬೀಳುತ್ತಾರೆ, ಅವರನ್ನು ಉಳಿಸಲು ಉಳಿದವರು ರಕ್ತದಾನ ಮಾಡಬೇಕಾಗುತ್ತದೆ. ಏಡ್ಸ್ ಭೀತಿಯಿಂದ ಜನ ರಕ್ತ ಕೊಡಲೂ ಅಂಜುತ್ತಿದ್ದ ಆ ದಿನಗಳಲ್ಲಿ, ದಾನದಿಂದ ಅಪಾಯವಿಲ್ಲವೆಂದು ತಿಳಿಸುವುದು ಕಂತಿನ ನೇರ ಉದ್ದೇಶ. ಸಿಬ್ಬಂದಿಯಲ್ಲಿ ಫ್ರೀಮನ್ ಮತ್ತು ಈಕಿನ್ಸ್ ಎಂಬ ಇಬ್ಬರು ಗಂಡಸರಿದ್ದಾರೆ. ಅವರು ಎಷ್ಟು ಕಾಲದಿಂದ ಜೊತೆಗಿದ್ದಾರೆಂದು ಒಬ್ಬರು ಕೇಳುತ್ತಾರೆ, ತರಬೇತಿ ಅಕಾಡೆಮಿಯ ದಿನಗಳಿಂದ ಎಂಬ ಉತ್ತರ ಬರುತ್ತದೆ. ಚುಂಬನವಿಲ್ಲ, ಆಲಿಂಗನವಿಲ್ಲ, ಸಲಿಂಗಿ ಎಂಬ ಪದವೂ ಇಲ್ಲ. ತಿಳಿದವರು ತಿಳಿಯಲಿ, ತಿಳಿಯದವರು ಅವರನ್ನು ಗೆಳೆಯರೆಂದುಕೊಳ್ಳಲಿ ಎಂಬಷ್ಟು ಸಂಯಮದ ಬರಹ ಅದು. ಅಷ್ಟಕ್ಕೂ ಕಚೇರಿಯಲ್ಲಿ ಆಕ್ಷೇಪ ಎದ್ದಿತು. ಜೆರಾಲ್ಡ್ ಹೇಳುವಂತೆ, ಕೆಲವು ಊರುಗಳಲ್ಲಿ ಇದು ಸಂಜೆ ನಾಲ್ಕಕ್ಕೇ ಪ್ರಸಾರವಾಗುತ್ತದೆ, ತಾಯಂದಿರು ಪತ್ರ ಬರೆಯುತ್ತಾರೆ ಎಂಬ ಟಿಪ್ಪಣಿ ಬಂತು. ಈ ಭಯಕ್ಕೆ ವ್ಯಾಪಾರದ ಕಾರಣವೊಂದಿತ್ತು: ಹೊಸ ಧಾರಾವಾಹಿ ಯಾವುದೇ ರಾಷ್ಟ್ರೀಯ ವಾಹಿನಿಗೆ ಸೇರಿರಲಿಲ್ಲ, ಸಿಂಡಿಕೇಷನ್ ಎಂಬ ವ್ಯವಸ್ಥೆಯಲ್ಲಿ ಅದನ್ನು ಊರೂರಿನ ಟಿ.ವಿ. ಕೇಂದ್ರಗಳಿಗೆ ಬಿಡಿಯಾಗಿ ಮಾರಲಾಗುತ್ತಿತ್ತು, ಆದ್ದರಿಂದ ಅತ್ಯಂತ ಸಂಪ್ರದಾಯಸ್ಥ ಊರಿನ ಕೇಂದ್ರವೂ ಮುನಿಸಿಕೊಳ್ಳದಂತೆ ನೋಡಿಕೊಳ್ಳಬೇಕಾಗಿತ್ತು. ಚಿತ್ರಕಥೆಯನ್ನು ತಿದ್ದಿ, ಮತ್ತೆ ತಿದ್ದಿ, ಕೊನೆಗೆ ಕೈಬಿಡಲಾಯಿತು, ಜೆರಾಲ್ಡ್ ಹೊರಟುಹೋದರು. ಏಡ್ಸ್‌ನಿಂದ ಸಾಯುತ್ತಿದ್ದವರ ಬಗ್ಗೆ ದೇಶವೇ ಬಾಯಿ ಬಿಡಲು ಹಿಂಜರಿಯುತ್ತಿದ್ದಾಗ ಮಾತನಾಡಬಹುದಾಗಿದ್ದ ಒಂದು ಕಂತು ಹೀಗೆ ಕಪಾಟು ಸೇರಿದ್ದು ಸ್ಟಾರ್ ಟ್ರೆಕ್‌ನ ಇತಿಹಾಸದಲ್ಲಿನ ದೊಡ್ಡ ನಷ್ಟ. ಎರಡು ದಶಕಗಳ ನಂತರ, 2008 ಮತ್ತು 2009ರಲ್ಲಿ, ಅಭಿಮಾನಿಗಳೇ ಹಣ ಮತ್ತು ಶ್ರಮ ಹಾಕಿ ಅದನ್ನು ಎರಡು ಭಾಗಗಳಲ್ಲಿ ಚಿತ್ರಿಸಿದರು, ಮತ್ತು ಜೆರಾಲ್ಡ್ ಅವರೇ ಅದರಲ್ಲಿ ತೊಡಗಿಕೊಂಡರು.

ರಾಡೆನ್‌ಬೆರಿ 1991ರಲ್ಲಿ, ಐದನೆಯ ಸೀಸನ್‌ನಲ್ಲಿ ಸಲಿಂಗಿ ಸಿಬ್ಬಂದಿ ಕಾಣಿಸುತ್ತಾರೆಂದು ಮತ್ತೆ ಘೋಷಿಸಿದರು. ಅದೇ ಅಕ್ಟೋಬರ್ 24ರಂದು ತೀರಿಕೊಂಡರು. ಘೋಷಣೆಯ ಸ್ಥಾನದಲ್ಲಿ ಬಂದದ್ದು 1992ರ ಮಾರ್ಚ್‌ನ 'ದಿ ಔಟ್‌ಕಾಸ್ಟ್' ಕಂತು. ಜನಾಯಿ ಎಂಬ ಲಿಂಗರಹಿತ ಜನರ ಲೋಕದಲ್ಲಿ ತಾನು ಹೆಣ್ಣೆಂದು ಅನುಭವಿಸುವುದೇ ಅಪರಾಧ. ಸೋರೆನ್ ಎಂಬಾಕೆ ಗುಟ್ಟಾಗಿ ಹಾಗೆ ಬದುಕುತ್ತ, ನೌಕೆಯ ಅಧಿಕಾರಿ ರೈಕರ್‌ನನ್ನು ಪ್ರೀತಿಸಿ ಸಿಕ್ಕಿಬೀಳುತ್ತಾಳೆ. ನ್ಯಾಯಮಂಡಳಿಯ ಎದುರು ರೈಕರ್ ತಪ್ಪನ್ನೆಲ್ಲ ತನ್ನ ಮೇಲೆ ಹಾಕಿಕೊಂಡು ಆಕೆಯನ್ನು ಉಳಿಸಲು ಹೊರಟಾಗ, ಸೋರೆನ್ ಅವನ ಸುಳ್ಳಿನ ಆಸರೆಯನ್ನು ಬೇಡವೆಂದು ಎದ್ದು ನಿಂತು, ತಮ್ಮಂಥವರು ರೋಗಿಗಳಲ್ಲವೆಂದು ವಾದಿಸುತ್ತಾಳೆ. ಆಕೆಯನ್ನು ಚಿಕಿತ್ಸೆಗೆ ಒಪ್ಪಿಸಲಾಗುತ್ತದೆ. ಬಿಡಿಸಿಕೊಂಡು ಹೋಗಲು ಬಂದ ರೈಕರ್‌ಗೆ ಆಕೆ, ತಾನು ಅಸ್ವಸ್ಥಳಾಗಿದ್ದೆ, ಈಗ ಗುಣವಾಗಿದ್ದೇನೆ ಎಂದು ಶಾಂತವಾಗಿ ಹೇಳುತ್ತಾಳೆ. ಸಲಿಂಗಿಗಳನ್ನು ಬದಲಾಯಿಸುತ್ತೇವೆಂದು ಹೇಳಿಕೊಳ್ಳುವ ಪರಿವರ್ತನಾ ಚಿಕಿತ್ಸೆಯ ಭೀಕರತೆಯನ್ನು ಆ ಶಾಂತಸ್ವರದಷ್ಟು ಚೆನ್ನಾಗಿ ತೋರಿಸಿದ ದೃಶ್ಯ ಆ ಕಾಲದ ಟೆಲಿವಿಷನ್ನಿನಲ್ಲಿ ಅಪರೂಪ; ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗ ಆ ಚಿಕಿತ್ಸೆಯನ್ನು ವೃತ್ತಿಪರ ದುರ್ನಡತೆಯೆಂದು ಸಾರಿದ್ದು 2022ರಲ್ಲಿ. ಆದರೆ ಜನಾಯಿಗಳ ಪಾತ್ರಕ್ಕೆ ಆರಿಸಿದ್ದು ನಟಿಯರನ್ನು, ಆದ್ದರಿಂದ ತೆರೆಯ ಮೇಲೆ ಕಂಡ ಚುಂಬನ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸಿನದಾಗಿಯೇ ಉಳಿಯಿತು. ಸೋರೆನ್ ಪಾತ್ರವನ್ನು ಗಂಡಸೊಬ್ಬ ಮಾಡಬೇಕಿತ್ತು ಎಂದು ರೈಕರ್‌ನ ಪಾತ್ರಧಾರಿ ಜೊನಾಥನ್ ಫ್ರೇಕ್ಸ್ ಅವರೇ ಹೇಳಿದರು, ಮತ್ತು ಆ ಒಂದು ಮಾತಿನಲ್ಲಿ ಕಂತಿನ ದೋಷವೆಲ್ಲ ಅಡಗಿದೆ. ದಮನಕ್ಕೊಳಗಾದದ್ದು ಹೆಣ್ಣು ಗಂಡಿನ ಪ್ರೇಮ, ದಮನ ಮಾಡಿದ್ದು ಲಿಂಗಭೇದವಿಲ್ಲದ ಸಮಾಜ ಎಂದಾದಾಗ ಅನ್ಯೋಕ್ತಿ ತಲೆಕೆಳಗಾಗಿ, ಸಲಿಂಗಿ ಪ್ರೇಕ್ಷಕನಿಗೆ ತಾನು ಯಾವ ಕಡೆಯವನೆಂಬ ಗೊಂದಲವನ್ನೇ ಉಳಿಸಿತು.

1995ರ ಅಕ್ಟೋಬರ್ 30ರಂದು ಪ್ರಸಾರವಾದ 'ಡೀಪ್ ಸ್ಪೇಸ್ ನೈನ್' ಧಾರಾವಾಹಿಯ 'ರಿಜಾಯಿನ್ಡ್' ಕಂತು ಇದಕ್ಕಿಂತ ಎಷ್ಟೋ ಮೇಲು. ಟ್ರಿಲ್ ಎಂಬ ಜನರ ದೇಹದಲ್ಲಿ ದೀರ್ಘಾಯುವಾದ ಸಹಜೀವಿಯೊಂದು ವಾಸಿಸುತ್ತದೆ, ಒಂದು ದೇಹ ಸತ್ತರೆ ನೆನಪುಗಳನ್ನೆಲ್ಲ ಹೊತ್ತು ಇನ್ನೊಂದು ದೇಹಕ್ಕೆ ಹೋಗುತ್ತದೆ. ಹಿಂದಿನ ದೇಹದ ಸಂಗಾತಿಯೊಂದಿಗೆ ಹೊಸ ದೇಹದಲ್ಲಿ ಮತ್ತೆ ಕೂಡುವುದು ಅವರಲ್ಲಿ ಬಹಿಷ್ಕಾರ ಯೋಗ್ಯವಾದ ನಿಷಿದ್ಧ ಕ್ರಿಯೆ. ಪೂರ್ವದೇಹಗಳಲ್ಲಿ ಗಂಡ ಹೆಂಡತಿಯಾಗಿದ್ದ ಜಾಡ್ಜಿಯಾ ಡ್ಯಾಕ್ಸ್ ಮತ್ತು ಲೆನಾರಾ ಕಾನ್ ಈಗ ಇಬ್ಬರೂ ಹೆಂಗಸರು, ಮತ್ತೆ ಪ್ರೀತಿಸತೊಡಗುತ್ತಾರೆ, ಚುಂಬಿಸುತ್ತಾರೆ. ಇಬ್ಬರೂ ಹೆಂಗಸರೆಂಬ ವಿಷಯವನ್ನು ಇಡೀ ಕಂತಿನಲ್ಲಿ ಒಬ್ಬರೂ ಎತ್ತುವುದಿಲ್ಲ ಎಂಬುದು ಬರಹಗಾರರ ಜಾಣ್ಮೆ. ನಿಷೇಧದ ನೋವೆಲ್ಲ ಬೇರೊಂದು ನಿಯಮದ ಮೇಲೆ ಬಿದ್ದು, ಪ್ರೇಮ ಮಾತ್ರ ಸಹಜವಾಗಿ ನಿಲ್ಲುತ್ತದೆ. ಕಪ್ಪು ಅಮೆರಿಕನ್ ನಟ ಏವರಿ ಬ್ರೂಕ್ಸ್ ಅದನ್ನು ನಿರ್ದೇಶಿಸಿದ್ದರು. ಅನ್ಯೋಕ್ತಿ ಮಾಡಬಲ್ಲದ್ದರ ಪರಾಕಾಷ್ಠೆ ಈ ಕಂತು. ಆದರೆ ಲೆನಾರಾ ಹೊರಟುಹೋಗುತ್ತಾಳೆ, ಮುಂದಿನ ವಾರ ಕಥೆ ನಡೆಯುವ ನೌಕಾನಿಲ್ದಾಣ ಎಂದಿನಂತಾಗುತ್ತದೆ. ಅದೇ ಧಾರಾವಾಹಿಯಲ್ಲಿ ಹೆಣ್ಣನ್ನೂ ಬಯಸುವ ಹೆಣ್ಣು ಮತ್ತೆಮತ್ತೆ ಕಾಣಿಸುವುದು ಎಲ್ಲರೂ ಕೆಟ್ಟವರಾಗಿರುವ ಪ್ರತಿಬಿಂಬ ಜಗತ್ತೊಂದರಲ್ಲಿ.

ಮುಂದಿನ ಹತ್ತು ವರ್ಷಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. 'ವಾಯೇಜರ್' (1995-2001) ನಾಯಕಿ ಕೇಟ್ ಮಲ್‌ಗ್ರೂ ಸಲಿಂಗಿ ಪಾತ್ರಕ್ಕಾಗಿ ತಾವು ಒತ್ತಾಯಿಸಿದ್ದಾಗಿ ಹೇಳಿದ್ದಾರೆ, ಪಾತ್ರ ಬರಲಿಲ್ಲ. 2003ರ ಫೆಬ್ರವರಿಯಲ್ಲಿ 'ಎಂಟರ್‌ಪ್ರೈಸ್' ಧಾರಾವಾಹಿ ವಲ್ಕನ್ ಜನರ ಕಳಂಕಿತ ರೋಗವೊಂದನ್ನು ಮುಂದಿಟ್ಟು ಏಡ್ಸ್ ಕುರಿತ ಕಂತು ಮಾಡಿತು, ಅದರಲ್ಲೂ ಮನುಷ್ಯ ಸಲಿಂಗಿ ಇರಲಿಲ್ಲ. ಬ್ರಿಟನ್ನಿನಲ್ಲಿ ಸ್ಥಿತಿ ಬೇರೆಯಾಗಿತ್ತು. 1963ರಲ್ಲಿ 'ಡಾಕ್ಟರ್ ಹೂ' ಧಾರಾವಾಹಿಯ ಮೊಟ್ಟಮೊದಲ ಕಥೆಯನ್ನು ನಿರ್ದೇಶಿಸಿದ ಲಖನೌ ಸಂಜಾತ ವಾರಿಸ್ ಹುಸೇನ್, ಸಲಿಂಗ ಸಂಬಂಧ ಅಲ್ಲಿ ಇನ್ನೂ ಅಪರಾಧವಾಗಿದ್ದಾಗ ಕೆಲಸ ಮಾಡಿದ ಸಲಿಂಗಿ. 2005ರಲ್ಲಿ ಅದನ್ನು ಪುನರುಜ್ಜೀವನಗೊಳಿಸಿದ ರಸೆಲ್ ಟಿ. ಡೇವಿಸ್ ಮಕ್ಕಳೂ ನೋಡುವ ಶನಿವಾರ ಸಂಜೆಯ ಆ ಕಾರ್ಯಕ್ರಮಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಪ್ರೀತಿಸುವ ಕ್ಯಾಪ್ಟನ್ ಜ್ಯಾಕ್‌ನನ್ನು ತಂದರು. ತಾಯಂದಿರ ಪತ್ರಗಳ ಭಯ ಎಷ್ಟು ಪೊಳ್ಳಾಗಿತ್ತು ಎಂಬುದಕ್ಕೆ ಆ ಕಾರ್ಯಕ್ರಮದ ಯಶಸ್ಸೇ ಸಾಕ್ಷಿ.

2016ರ 'ಸ್ಟಾರ್ ಟ್ರೆಕ್ ಬಿಯಾಂಡ್' ಚಲನಚಿತ್ರದಲ್ಲಿ ಸುಲು ನಿಲ್ದಾಣದಲ್ಲಿ ಇಳಿದು ಪುಟ್ಟ ಮಗಳನ್ನು ಎತ್ತಿಕೊಂಡು ತನ್ನ ಗಂಡನ ಹೆಗಲ ಮೇಲೆ ಕೈ ಹಾಕುತ್ತಾನೆ. ಟಕೇ ಅವರಿಗೆ ಗೌರವ ಸಲ್ಲಿಸಲೆಂದೇ ಹೀಗೆ ಮಾಡಲಾಗಿತ್ತು. ಆದರೆ ಟಕೇ ಒಪ್ಪಲಿಲ್ಲ, ರಾಡೆನ್‌ಬೆರಿ ಕಲ್ಪಿಸಿದ ಸುಲುವನ್ನು ಬದಲಿಸುವ ಬದಲು ಹೊಸ ಪಾತ್ರವನ್ನು ಸೃಷ್ಟಿಸಬೇಕಿತ್ತೆಂದರು. ಅವರ ಮಾತಿನಲ್ಲಿ ಹುರುಳಿದೆ. ಕೆಲವೇ ಸೆಕೆಂಡುಗಳ ಆ ದೃಶ್ಯದಿಂದ ಸುಲುವಿನ ಸಂಸಾರದ ಬಗ್ಗೆ ಏನೂ ತಿಳಿಯುವುದಿಲ್ಲ.

ಮರುವರ್ಷ ಬಂದ 'ಡಿಸ್ಕವರಿ' ಧಾರಾವಾಹಿಯ ಸಹಕರ್ತೃ ಬ್ರಯನ್ ಫುಲ್ಲರ್ ಸ್ವತಃ ಸಲಿಂಗಿ. 'ವಾಯೇಜರ್' ಬರಹಗಾರರ ತಂಡದಲ್ಲಿದ್ದಾಗ, ಪಾತ್ರವೊಂದು ಸಲಿಂಗಿ ಎಂಬ ವದಂತಿಗೇ ಬಂದ ದ್ವೇಷಪತ್ರಗಳನ್ನು ಕಂಡು ತಾವು ಸಂಕಲ್ಪ ಮಾಡಿದ್ದಾಗಿ ಅವರು ಹೇಳಿಕೊಂಡಿದ್ದಾರೆ. ಈ ಸಲ ಹಣ ಬರುತ್ತಿದ್ದುದು ಚಂದಾದಾರರಿಂದ, ಊರೂರಿನ ಕೇಂದ್ರಗಳ ಅಂಕೆ ಇರಲಿಲ್ಲ. ಶಿಲೀಂಧ್ರ ವಿಜ್ಞಾನಿ ಪಾಲ್ ಸ್ಟ್ಯಾಮೆಟ್ಸ್ ಆಗಿ ಆಂಥನಿ ರ್‍ಯಾಪ್, ವೈದ್ಯ ಹ್ಯೂ ಕಲ್ಬರ್ ಆಗಿ ವಿಲ್ಸನ್ ಕ್ರೂಜ್ ನಟಿಸಿದರು. ಇಬ್ಬರೂ ಬಹಿರಂಗವಾಗಿ ಸಲಿಂಗಿಗಳು. ಐದನೆಯ ಕಂತಿನ ಕೊನೆಯಲ್ಲಿ ದಿನದ ಅಪಾಯವೆಲ್ಲ ಮುಗಿದ ಮೇಲೆ ಅವರಿಬ್ಬರೂ ರಾತ್ರಿಯುಡುಪಿನಲ್ಲಿ ತಮ್ಮ ಕೋಣೆಯ ಕನ್ನಡಿಯ ಮುಂದೆ ನಿಂತು ಹಲ್ಲುಜ್ಜುತ್ತಾರೆ, ಒಬ್ಬ ತನ್ನ ಜೀವವನ್ನು ಪಣಕ್ಕಿಟ್ಟದ್ದಕ್ಕೆ ಇನ್ನೊಬ್ಬ ಕಳವಳದಿಂದ ಆಕ್ಷೇಪಿಸುತ್ತಾನೆ. ಅನ್ಯಗ್ರಹವಿಲ್ಲ, ಸಹಜೀವಿಯಿಲ್ಲ, ವಿಚಾರಣೆಯಿಲ್ಲ; ಮದುವೆಯಾಗಿ ಕೆಲವು ವರ್ಷ ಕಳೆದ ಯಾವ ದಂಪತಿಯೂ ಗುರುತಿಸಬಹುದಾದ ಮಾತುಕತೆ ಅಷ್ಟೆ. ಈ ಧಾರಾವಾಹಿ ನೆಟ್‌ಫ್ಲಿಕ್ಸ್ ಮೂಲಕ ಭಾರತಕ್ಕೂ ಬಂದ 2017ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ದಂಡಸಂಹಿತೆಯ 377ನೆಯ ಕಲಂ ಇನ್ನೂ ಜಾರಿಯಲ್ಲಿತ್ತು. ಅದಕ್ಕೆ ಒಂದು ತಿಂಗಳ ಹಿಂದೆ, ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯ ತೀರ್ಪು ಲೈಂಗಿಕ ಒಲವನ್ನೂ ಖಾಸಗಿತನದ ಹಕ್ಕಿನೊಳಗೆ ಸೇರಿಸಿತ್ತು. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು 2018ರ ಸೆಪ್ಟೆಂಬರ್ 6ರಂದು.

2018ರ ಜನವರಿಯಲ್ಲಿ ಕಲ್ಬರ್‌ನನ್ನು ಕಥೆಯೊಳಗೆ ಕೊಲ್ಲಲಾಯಿತು, ಅಭಿಮಾನಿಗಳು ನೊಂದು ಪ್ರತಿಭಟಿಸಿದರು. ಸಲಿಂಗಿ ಪಾತ್ರಕ್ಕೆ ಸುಖ ಸಿಕ್ಕ ಕೂಡಲೇ ಸಾವು ತರುವುದು ತೆರೆಯ ಹಳೆಯ ಚಾಳಿ; 2016ರ ಮಾರ್ಚ್‌ನಲ್ಲಿ 'ದಿ ಹಂಡ್ರೆಡ್' ಧಾರಾವಾಹಿಯ ಲೆಕ್ಸಾ ಪ್ರೇಮದೃಶ್ಯದ ಬೆನ್ನಲ್ಲೇ ಗುಂಡಿಗೆ ಬಲಿಯಾದಾಗ ಎದ್ದ ಆಕ್ರೋಶ ಇನ್ನೂ ಹಸಿಯಾಗಿತ್ತು. ಡಿಸ್ಕವರಿಯ ನಿರ್ಮಾಪಕರು ಇದು ಕೊನೆಯಲ್ಲವೆಂದು ಆಗಲೇ ತಿಳಿಸಿ, 2019ರಲ್ಲಿ ಕಲ್ಬರ್‌ನನ್ನು ಮರಳಿ ತಂದರು. 2020ರಲ್ಲಿ ಗಂಡು ಹೆಣ್ಣೆಂಬ ಎರಡೂ ಗುರುತಿಗೆ ಒಳಪಡದ ಏಡಿರಾ ಮತ್ತು ಟ್ರಾನ್ಸ್ ತರುಣ ಗ್ರೇ ಆ ಕುಟುಂಬವನ್ನು ಸೇರಿದರು.

ಬೇರೆಡೆ ಸ್ಥಿತಿ ಹೀಗಿರಲಿಲ್ಲ: 2019ರ ಸ್ಟಾರ್ ವಾರ್ಸ್ ಚಿತ್ರದ ವಿಜಯೋತ್ಸವದ ಗುಂಪಿನಲ್ಲಿ ಇಬ್ಬರು ಹೆಂಗಸರು ಕ್ಷಣಮಾತ್ರ ಚುಂಬಿಸುವುದನ್ನು ಸಿಂಗಪುರದ ಬಿಡುಗಡೆಗಾಗಿ ಕತ್ತರಿಸಲಾಯಿತು, ಮತ್ತು ಕಥೆಗೆ ಅದರಿಂದ ಏನೂ ಕೊರತೆಯಾಗಲಿಲ್ಲ, ಏಕೆಂದರೆ ಆ ಇಬ್ಬರ ಮೇಲೆ ಕಥೆ ಒಂದಿಷ್ಟೂ ಅವಲಂಬಿಸಿರಲಿಲ್ಲ. ಆದರೆ ಡಿಸ್ಕವರಿಯಲ್ಲಿ ಶಿಲೀಂಧ್ರಜಾಲದ ಮೂಲಕ ನೌಕೆಯನ್ನು ನಕ್ಷತ್ರದಿಂದ ನಕ್ಷತ್ರಕ್ಕೆ ಚಿಮ್ಮಿಸುವ ಯಂತ್ರವನ್ನು ರೂಪಿಸಿದವನೂ ಅದಕ್ಕೆ ತನ್ನ ದೇಹವನ್ನೇ ಜೋಡಿಸಿಕೊಂಡವನೂ ಸ್ಟ್ಯಾಮೆಟ್ಸ್. 2024ರ ಮೇ ತಿಂಗಳಲ್ಲಿ ಐದನೆಯ ಸೀಸನ್ ಮುಗಿಯುವವರೆಗೂ ಅವನೂ ಕಲ್ಬರ್‌ನೂ ಆ ನೌಕೆಯ ಸಿಬ್ಬಂದಿಯಲ್ಲಿದ್ದರು.